ಸಂಡೂರಿನ ಕಬ್ಬಿಣ ಬಂದದ್ದು ಎಲ್ಲಿಂದ?

ಹೊಸಪೇಟೆಗೂ ತೋರಣಗಲ್ಲಿಗೂ ನಡುವೆ ಇರುವ ಊರು ಗಾದಿಗನೂರು. ಹುಬ್ಬಳ್ಳಿ–ಗುಂತಕಲ್ ರೈಲುಮಾರ್ಗವೂ ರಾಷ್ಟ್ರೀಯ ಹೆದ್ದಾರಿ 67 ಕೂಡ ಇದರ ಮಗ್ಗುಲಲ್ಲೇ ಹಾಯುತ್ತವೆ. ದಕ್ಷಿಣಕ್ಕೆ ಸಂಡೂರಿನ ಗುಡ್ಡಸಾಲು, ಪೂರ್ವಕ್ಕೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಗುಡ್ಡದ ಅದಿರು ಲಾರಿಗಳಲ್ಲಿ, ಗೂಡ್ಸ್ ಗಾಡಿಗಳಲ್ಲಿ ಈ ಸೀಮೆಯ ದಾರಿಗಳ ಮೇಲೆ ದಶಕಗಳಿಂದ ಓಡಾಡುತ್ತಿದೆ. ಬೇವಿನ ಎಲೆ, ಮನೆಯ ಮಾಳಿಗೆ, ಒಗೆದು ಹರವಿದ ಬಟ್ಟೆ, ಎಲ್ಲದರ ಮೇಲೂ ಕೂರುವ ಕೆಂಪು ಧೂಳು ಇಲ್ಲಿನವರಿಗೆ ಹೊಸದಲ್ಲ.

ಆ ಧೂಳಿನ ಕೆಂಪು ಕಬ್ಬಿಣದ್ದು. ಕಬ್ಬಿಣ ಎಲ್ಲಿಂದ ಬಂತು ಎಂದರೆ ಗುಡ್ಡದಿಂದ ಅಂತ ಮಕ್ಕಳೂ ಹೇಳುತ್ತಾರೆ. ಗುಡ್ಡಕ್ಕೆ ಎಲ್ಲಿಂದ ಬಂತು? ಸಮುದ್ರದಿಂದ. ಸಮುದ್ರಕ್ಕೆ? ಭೂಮಿಯ ಒಡಲಿನಿಂದ. ಭೂಮಿಗೆ? ನಕ್ಷತ್ರಗಳಿಂದ. ನಕ್ಷತ್ರಗಳಿಗೆ? ಇಲ್ಲಿಗೆ ಪ್ರಶ್ನೆ ನಿಲ್ಲುತ್ತದೆ. ಕಬ್ಬಿಣವನ್ನು ನಕ್ಷತ್ರಗಳು ಯಾರಿಂದಲೂ ಪಡೆಯಲಿಲ್ಲ, ತಾವೇ ತಯಾರಿಸಿದವು. ವಿಶ್ವ ಹುಟ್ಟಿದಾಗ ಅದರಲ್ಲಿ ಕಬ್ಬಿಣದ ಒಂದು ಪರಮಾಣುವೂ ಇರಲಿಲ್ಲ. ವಿಶ್ವದ ಹುಟ್ಟು, ಬೆಳವಣಿಗೆಯನ್ನು ತಿಳಿಯಲು ಹಲವು ದಾರಿಗಳಿವೆ. ಬಳ್ಳಾರಿ–ವಿಜಯನಗರ ಸೀಮೆಯವರಿಗೆ ಕಬ್ಬಿಣದ ಬೆನ್ನುಹತ್ತಿ ಹೋಗುವ ದಾರಿಯೇ ಹತ್ತಿರದ್ದು ಎಂದು ನನ್ನ ನಂಬಿಕೆ.

ಮೊದಲ ಇಪ್ಪತ್ತು ನಿಮಿಷ

ಮಹಾಸ್ಫೋಟ ಎಂಬ ಹೆಸರು ಕೇಳಿದವರ ಕಣ್ಣಿಗೆ ಎಲ್ಲೋ ಒಂದು ಕಡೆ ಬಾಂಬು ಸಿಡಿದು, ಚೂರುಗಳು ಖಾಲಿ ಜಾಗಕ್ಕೆ ಹಾರಿದ ಚಿತ್ರ ಬರುತ್ತದೆ. ನಡೆದದ್ದು ಹಾಗಲ್ಲ. ಆಗ ಹೊರಗಡೆ ಎಂಬ ಖಾಲಿ ಜಾಗವೇ ಇರಲಿಲ್ಲ. ಜಾಗವೇ ಎಲ್ಲ ಕಡೆಯೂ ಏಕಕಾಲಕ್ಕೆ ಹಿಗ್ಗತೊಡಗಿತು. ಹಾಗಾಗಿ ಮಹಾಸ್ಫೋಟ ಎಲ್ಲಿ ಆಯಿತು ಎಂದು ಯಾರಾದರೂ ಕೇಳಿದರೆ, ಎಲ್ಲೆಲ್ಲೂ ಆಯಿತು, ಈಗ ಗಾದಿಗನೂರು ಇರುವ ಜಾಗದಲ್ಲೂ ಆಯಿತು ಎನ್ನಬೇಕು.

ಇದು ಹೇಗೆ ತಿಳಿಯಿತು? ದೂರದ ಗ್ಯಾಲಕ್ಸಿಗಳಿಂದ ಬರುವ ಬೆಳಕಿನ ಅಲೆ ಉದ್ದವಾಗಿ, ಕೆಂಪಿನ ಕಡೆಗೆ ಸರಿದಿರುತ್ತದೆ. ಗ್ಯಾಲಕ್ಸಿ ದೂರವಿದ್ದಷ್ಟೂ ಆ ಸರಿತ ಹೆಚ್ಚು. ಬೆಲ್ಜಿಯಂನ ಪಾದ್ರಿ, ಭೌತವಿಜ್ಞಾನಿ ಜಾರ್ಜ್ ಲೆಮೆತ್ರ್ 1927ರಲ್ಲಿ ಇದನ್ನು ವಿಶ್ವದ ಹಿಗ್ಗುವಿಕೆಯ ಜೊತೆ ಜೋಡಿಸಿದರು. ಅಮೆರಿಕದ ಎಡ್ವಿನ್ ಹಬಲ್ 1929ರಲ್ಲಿ ಅಳತೆಗಳ ಸಮೇತ ಮುಂದಿಟ್ಟರು. ಹಿಗ್ಗುತ್ತಿರುವುದನ್ನು ಲೆಕ್ಕದಲ್ಲಿ ಹಿಂದಕ್ಕೆ ಓಡಿಸಿದರೆ ಎಲ್ಲವೂ ಒತ್ತೊತ್ತಾಗಿ, ಕುದಿಯುವಷ್ಟು ಬಿಸಿಯಾಗಿದ್ದ ಕಾಲ ಸಿಗುತ್ತದೆ. ಈಗಿನ ಅತ್ಯಂತ ನಿಖರವಾದ ಅಳತೆಗಳ ಪ್ರಕಾರ ಅದು ಸುಮಾರು 1380 ಕೋಟಿ ವರ್ಷ ಹಿಂದೆ. ಮೊಟ್ಟಮೊದಲ ಕ್ಷಣದ ಒಂದು ಅತಿಸೂಕ್ಷ್ಮ ಭಾಗದಲ್ಲಿ ಹಿಗ್ಗುವಿಕೆ ವಿಪರೀತ ವೇಗದಲ್ಲಿ ನಡೆದಿರಬೇಕು ಎಂಬುದು ಬಹುಪಾಲು ವಿಜ್ಞಾನಿಗಳು ಒಪ್ಪುವ ಊಹೆ. ಅದಕ್ಕೂ ಹಿಂದೆ ಹೋಗಲು ಈಗಿರುವ ಭೌತಶಾಸ್ತ್ರಕ್ಕೆ ಕಾಲಿಲ್ಲ. ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಬೇಡ.

ನಮಗೆ ಬೇಕಾದ ಭಾಗ ಮೊದಲ ಸೆಕೆಂಡಿನ ನಂತರದ್ದು. ಆ ಹೊತ್ತಿಗೆ ಪ್ರೋಟಾನು, ನ್ಯೂಟ್ರಾನುಗಳು ಇದ್ದವು. ಮೂರು ನಿಮಿಷವಾಗುವ ಹೊತ್ತಿಗೆ ವಿಶ್ವದ ಬಿಸಿ ನೂರು ಕೋಟಿ ಡಿಗ್ರಿಯ ಆಸುಪಾಸಿಗೆ ಇಳಿದಿತ್ತು. ಅವು ಒಂದಕ್ಕೊಂದು ಅಂಟಿಕೊಂಡು, ಅಂಟಿದ್ದು ಬಿಟ್ಟುಹೋಗದಂತೆ ಇರಲು ಅಷ್ಟು ತಂಪು ಬೇಕಿತ್ತು. ಆಗ ಏಳು ಪ್ರೋಟಾನಿಗೆ ಒಂದು ನ್ಯೂಟ್ರಾನ್ ಉಳಿದಿತ್ತು. ಈ ಒಂದು ಅಂಕಿಯಿಂದ ಮುಂದಿನ ಲೆಕ್ಕವನ್ನು ಶಾಲೆಯ ಮಕ್ಕಳೂ ಮಾಡಬಹುದು. ಹದಿನಾರು ಕಣ ತೆಗೆದುಕೊಳ್ಳಿ. ಹದಿನಾಲ್ಕು ಪ್ರೋಟಾನ್, ಎರಡು ನ್ಯೂಟ್ರಾನ್. ಎರಡು ನ್ಯೂಟ್ರಾನ್ ಎರಡು ಪ್ರೋಟಾನಿನ ಜೊತೆ ಸೇರಿ ಒಂದು ಹೀಲಿಯಂ ಬೀಜವಾಗುತ್ತದೆ. ಉಳಿದ ಹನ್ನೆರಡು ಪ್ರೋಟಾನ್ ಹಾಗೆಯೇ ಹೈಡ್ರೋಜನ್ ಆಗಿ ಉಳಿಯುತ್ತವೆ. ತೂಕದಲ್ಲಿ ಹದಿನಾರಕ್ಕೆ ನಾಲ್ಕು, ಅಂದರೆ ಶೇ. 25 ಹೀಲಿಯಂ, ಶೇ. 75 ಹೈಡ್ರೋಜನ್. ಇಂದು ಆಕಾಶದ ಅತಿ ಹಳೆಯ, ಕಲಬೆರಕೆಯಾಗದ ಅನಿಲದ ಮೋಡಗಳನ್ನು ಅಳೆದರೂ ಹೆಚ್ಚುಕಡಿಮೆ ಇದೇ ಪಾಲು ಸಿಗುತ್ತದೆ. ಮಹಾಸ್ಫೋಟದ ಪರವಾಗಿ ಇರುವ ಸಾಕ್ಷಿಗಳಲ್ಲಿ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುವುದು ಈ ಸರಳ ಲೆಕ್ಕವೇ.

ಅಲ್ಲಿಂದ ಮುಂದೆ ಇಂಗಾಲ, ಆಮ್ಲಜನಕ, ಕಬ್ಬಿಣ ಏಕೆ ಆಗಲಿಲ್ಲ? ಐದು ಕಣ ಸೇರಿದ ಬೀಜ ನಿಲ್ಲುವುದಿಲ್ಲ, ಎಂಟು ಕಣ ಸೇರಿದ ಬೀಜವೂ ನಿಲ್ಲುವುದಿಲ್ಲ. ಹುಟ್ಟಿದ ಕ್ಷಣವೇ ಒಡೆಯುತ್ತವೆ. ಹೀಲಿಯಂನಿಂದ ಮೇಲಕ್ಕೆ ಹತ್ತುವ ಮೆಟ್ಟಿಲುಗಳಲ್ಲಿ ಎರಡು ಕಾಣೆಯಾಗಿವೆ ಎಂದ ಹಾಗಾಯಿತು. ಅದನ್ನು ದಾಟಬೇಕಾದರೆ ಮೂರು ಹೀಲಿಯಂ ಬೀಜಗಳು ಬಹುತೇಕ ಒಂದೇ ಹೊತ್ತಿಗೆ ಢಿಕ್ಕಿ ಹೊಡೆಯಬೇಕು. ಅದಕ್ಕೆ ವಿಪರೀತ ದಟ್ಟಣೆ ಬೇಕು, ಜೊತೆಗೆ ಬಹಳ ಕಾಲ ಬೇಕು. ವಿಶ್ವವಾದರೋ ನಿಮಿಷನಿಮಿಷಕ್ಕೂ ಹಿಗ್ಗಿ ತೆಳುವಾಗುತ್ತಿತ್ತು. ಸುಮಾರು ಇಪ್ಪತ್ತು ನಿಮಿಷಕ್ಕೆ ಈ ಕೆಲಸ ನಿಂತುಹೋಯಿತು. ಹೈಡ್ರೋಜನ್, ಹೀಲಿಯಂ, ಲೆಕ್ಕಕ್ಕೂ ಬಾರದಷ್ಟು ಅಲ್ಪ ಲಿಥಿಯಂ. ಇಷ್ಟೇ ಬಂಡವಾಳ.

ಕತ್ತಲೆಯ ಕಾಲ, ನಮ್ಮ ಕೆರೆಯ ಮೇಲಿನ ಆಂಟೆನಾ

ಸುಮಾರು 3.8 ಲಕ್ಷ ವರ್ಷಗಳ ತನಕ ವಿಶ್ವವೆಲ್ಲ ಹೊಳೆಯುವ ಮಂಜಿನಂತಿತ್ತು. ಬಿಡಿಬಿಡಿಯಾಗಿ ಅಲೆಯುತ್ತಿದ್ದ ಎಲೆಕ್ಟ್ರಾನುಗಳು ಬೆಳಕಿಗೆ ನೆಟ್ಟಗೆ ಹೋಗಲು ಬಿಡುತ್ತಿರಲಿಲ್ಲ. ಬಿಸಿ ಮೂರು ಸಾವಿರ ಡಿಗ್ರಿಗೆ ಇಳಿದಾಗ ಎಲೆಕ್ಟ್ರಾನುಗಳು ಬೀಜಗಳನ್ನು ಸೇರಿ ಪರಮಾಣುಗಳಾದವು. ಯಾವ ಬಿಸಿಯಲ್ಲಿ ಎಷ್ಟು ಪರಮಾಣು ಒಡೆದಿರುತ್ತವೆ, ಎಷ್ಟು ಕೂಡಿರುತ್ತವೆ ಎಂದು ಹೇಳುವ ಸಮೀಕರಣವನ್ನು 1920ರಲ್ಲಿ ಕೊಟ್ಟವರು ಮೇಘನಾದ ಸಾಹಾ. ನಕ್ಷತ್ರಗಳಿಗಾಗಿ ಬರೆದ ಆ ಸಮೀಕರಣ ಮುಂದೆ ಇಡೀ ವಿಶ್ವದ ಈ ಘಟ್ಟವನ್ನು ಅರಿಯುವುದಕ್ಕೂ ಒದಗಿತು. ಆಗ ಬಿಡುಗಡೆಯಾದ ಬೆಳಕು ಇಂದಿಗೂ ಎಲ್ಲ ದಿಕ್ಕಿನಿಂದ ಬರುತ್ತಲೇ ಇದೆ. ಅದರ ಅಲೆ ಸಾವಿರದ ನೂರು ಪಟ್ಟು ಹಿಗ್ಗಿ ಮೈಕ್ರೋವೇವ್ ಆಗಿದೆ. ಅದರ ಬಿಸಿ ಸೊನ್ನೆಗಿಂತ 270 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಮೆರಿಕದ ಆರ್ನೋ ಪೆಂಜಿಯಾಸ್, ರಾಬರ್ಟ್ ವಿಲ್ಸನ್ ಅದನ್ನು ಹಿಡಿದ ಸುದ್ದಿ ಪ್ರಕಟವಾದದ್ದು 1965ರಲ್ಲಿ.

ಇದಾದ ಮೇಲೆ ಕೋಟಿಗಟ್ಟಲೆ ವರ್ಷ ಎಲ್ಲೆಲ್ಲೂ ಕತ್ತಲೆ. ಹೈಡ್ರೋಜನ್, ಹೀಲಿಯಂ ಅನಿಲ ಇದೆ, ಒಂದು ನಕ್ಷತ್ರವೂ ಇಲ್ಲ. ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರ್ ಗಂಟುಗಂಟಾಗಿ ಕೂಡುತ್ತ, ತನ್ನ ಗುರುತ್ವದಿಂದ ಅನಿಲವನ್ನು ಒಳಗೆಳೆಯಿತು. ಹತ್ತರಿಂದ ಇಪ್ಪತ್ತು ಕೋಟಿ ವರ್ಷದ ಸುಮಾರಿಗೆ ಮೊದಲ ನಕ್ಷತ್ರಗಳು ಹೊತ್ತಿಕೊಂಡವು ಎಂದು ಲೆಕ್ಕ.

ಈ ಮೊದಲ ಬೆಳಗನ್ನು ಹುಡುಕುವ ಕೆಲಸದಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ. ಹೈಡ್ರೋಜನ್ ಪರಮಾಣು 21 ಸೆಂಟಿಮೀಟರ್ ಅಲೆಯುದ್ದದ ರೇಡಿಯೋ ಅಲೆಯನ್ನು ಹೊಮ್ಮಿಸುತ್ತದೆ, ಹೀರುತ್ತದೆ. ಆ ಕಾಲದ ಅಲೆ ಹಿಗ್ಗಿ ಹಿಗ್ಗಿ ನಮ್ಮ ಬಳಿ ಬರುವ ಹೊತ್ತಿಗೆ ಹಲವು ಮೀಟರ್ ಉದ್ದವಾಗಿ, ಎಫ್‌ಎಂ ರೇಡಿಯೋ ಕೇಳುವ ತರಂಗಾಂತರದ ಪಕ್ಕಕ್ಕೇ ಬಂದಿರುತ್ತದೆ. 2018ರಲ್ಲಿ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಆಂಟೆನಾ ಇಟ್ಟಿದ್ದ ಅಮೆರಿಕದ ತಂಡವೊಂದು 78 ಮೆಗಾಹರ್ಟ್ಸ್ ಬಳಿ ಮೊದಲ ನಕ್ಷತ್ರಗಳ ಗುರುತು ಸಿಕ್ಕಿತೆಂದು ಪ್ರಕಟಿಸಿತು. ಅದು ನಿಜವಾಗಿದ್ದರೆ ಭೌತಶಾಸ್ತ್ರದ ಹಲವು ಪುಟಗಳನ್ನು ತಿದ್ದಬೇಕಾಗುತ್ತಿತ್ತು. ಅದನ್ನು ಪರೀಕ್ಷೆಗೆ ಒಡ್ಡಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು. ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ಸಂಸ್ಥೆ ಅದು.

ಅವರ ಉಪಾಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಂಟೆನಾವನ್ನು ನೆಲದ ಮೇಲೆ ಇಟ್ಟರೆ ಕೆಳಗಿನ ಮಣ್ಣು, ಅದರಡಿಯ ಕಲ್ಲು, ಒಂದೊಂದು ಪದರವೂ ಒಂದೊಂದು ರೀತಿ ರೇಡಿಯೋ ಅಲೆಯನ್ನು ಹಿಂದಕ್ಕೆ ಕಳಿಸುತ್ತದೆ. ಆಕಾಶದಿಂದ ಬರುವ ಅತಿ ಕ್ಷೀಣ ಸಂಕೇತ ಈ ಗದ್ದಲದಲ್ಲಿ ಕರಗಿಹೋಗುತ್ತದೆ. ನೀರಿನಲ್ಲಿ ಆ ತಾಪತ್ರಯ ಇಲ್ಲ. ಮೇಲಿನಿಂದ ತಳದ ತನಕ ಅದು ಒಂದೇ ಹದ. ಹೀಗಾಗಿ ಸರಸ್-3 ಎಂಬ ತಮ್ಮ ರೇಡಿಯೋ ದೂರದರ್ಶಕವನ್ನು ತೆಪ್ಪದಂಥ ತೇಲುವ ಆಸರೆಯ ಮೇಲೆ ಕೂರಿಸಿ, 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯ ಮೇಲೂ ಶರಾವತಿ ಹಿನ್ನೀರಿನ ಮೇಲೂ ತೇಲಿಬಿಟ್ಟರು. ಎಫ್‌ಎಂ ಕೇಂದ್ರಗಳ, ಮೊಬೈಲುಗಳ ಸದ್ದಿನಿಂದ ದೂರವಾಗಿ ಇರುಳಿನಲ್ಲಿ ಆಕಾಶವನ್ನು ಕೇಳಿದರು. 2022ರ ಫೆಬ್ರವರಿಯಲ್ಲಿ ನೇಚರ್ ಆಸ್ಟ್ರಾನಮಿ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಆಸ್ಟ್ರೇಲಿಯಾದಲ್ಲಿ ಸಿಕ್ಕಿತೆಂದ ಆ ಗುರುತು ಇಲ್ಲಿ ಇಲ್ಲ, ಅದು ಆಕಾಶದ್ದಲ್ಲ ಎಂದು ಶೇ. 95ಕ್ಕೂ ಮಿಕ್ಕ ಭರವಸೆಯಿಂದ ಹೇಳಬಹುದು. ಇನ್ನೊಬ್ಬರು ಕಂಡೆವೆಂದದ್ದನ್ನು ಮತ್ತೆ ಹುಡುಕಿ, ಇಲ್ಲ ಎಂದು ಖಚಿತಪಡಿಸುವುದು ವಿಜ್ಞಾನದಲ್ಲಿ ಸಣ್ಣ ಕೆಲಸವಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಕೆರೆಯ ಹೆಸರು ಬರಬೇಕು.

ಕಬ್ಬಿಣ ತಯಾರಾಗುವ ಬಗೆ

ಮೊದಲ ನಕ್ಷತ್ರಗಳು ಹೊತ್ತಿಕೊಂಡಾಗ, ಇಪ್ಪತ್ತು ನಿಮಿಷಕ್ಕೆ ನಿಂತುಹೋಗಿದ್ದ ಕೆಲಸ ಮತ್ತೆ ಶುರುವಾಯಿತು. ನಕ್ಷತ್ರದ ನಡುಭಾಗದಲ್ಲಿ ದಟ್ಟಣೆ ಇದೆ, ಬಿಸಿ ಇದೆ, ಬೇಕಾದಷ್ಟು ಕಾಲವೂ ಇದೆ. ಹೈಡ್ರೋಜನ್ ಉರಿದು ಹೀಲಿಯಂ ಆಗುತ್ತದೆ. ನಮ್ಮ ಸೂರ್ಯ ಈಗ ಮಾಡುತ್ತಿರುವುದು ಇದನ್ನೇ. ಹೈಡ್ರೋಜನ್ ಮುಗಿದ ಮೇಲೆ ಮೂರು ಹೀಲಿಯಂ ಕೂಡಿ ಇಂಗಾಲ. ಭಾರಿ ನಕ್ಷತ್ರವಾದರೆ ಅಲ್ಲಿಗೂ ನಿಲ್ಲದೆ ನಿಯಾನ್, ಆಮ್ಲಜನಕ, ಸಿಲಿಕಾನ್ ಹೀಗೆ ಮೇಲೇರುತ್ತ ಹೋಗುತ್ತದೆ. ಕೊನೆಗಾಲದಲ್ಲಿ ಅಂಥ ನಕ್ಷತ್ರದ ಒಳಗನ್ನು ಕೊಯ್ದು ನೋಡಲು ಆಗುವುದಿದ್ದರೆ ಈರುಳ್ಳಿಯಂತೆ ಪದರ ಪದರ ಕಾಣುತ್ತಿತ್ತು. ಹೊರಗೆ ಹೈಡ್ರೋಜನ್, ಒಳಗೊಳಗೆ ಹೋದಂತೆ ಭಾರದ ಧಾತುಗಳು, ನಟ್ಟನಡುವೆ ಕಬ್ಬಿಣ.

ಮೇಲೇರಿದಂತೆಲ್ಲ ಒಂದೊಂದು ಹಂತವೂ ಬೇಗ ಬೇಗ ಮುಗಿಯುತ್ತದೆ. ಸೂರ್ಯನ ಇಪ್ಪತ್ತೈದು ಪಟ್ಟು ತೂಗುವ ನಕ್ಷತ್ರದಲ್ಲಿ ಹೈಡ್ರೋಜನ್ ಉರಿಯುವುದು ಸುಮಾರು 70 ಲಕ್ಷ ವರ್ಷ. ಸಿಲಿಕಾನ್ ಉರಿದು ಕಬ್ಬಿಣವಾಗುವುದು ಸುಮಾರು ಒಂದು ದಿನ.

ಕಬ್ಬಿಣಕ್ಕೆ ಬಂದ ಮೇಲೆ ದಾರಿ ಮುಚ್ಚುತ್ತದೆ. ಹಗುರ ಬೀಜಗಳು ಕೂಡಿದಾಗ ಶಕ್ತಿ ಹೊರಬರುತ್ತದೆ. ಆ ಶಕ್ತಿಯೇ ನಕ್ಷತ್ರವನ್ನು ಕುಸಿಯದಂತೆ ಒಳಗಿನಿಂದ ಎತ್ತಿಹಿಡಿದಿರುತ್ತದೆ. ಕಬ್ಬಿಣದ ಆಸುಪಾಸಿನ ಬೀಜಗಳಲ್ಲಿ ಕಣಗಳು ಎಲ್ಲಕ್ಕಿಂತ ಬಿಗಿಯಾಗಿ ಕೂಡಿವೆ. ಅವನ್ನು ಇನ್ನೂ ಬೆಸೆಯಬೇಕಾದರೆ ಶಕ್ತಿ ಸಿಗುವುದಿಲ್ಲ, ಉಲ್ಟಾ ನಾವೇ ಕೊಡಬೇಕು. ಹೀಗೆ ಒಳಗಿನ ಒಲೆ ಆರುತ್ತದೆ, ಕಬ್ಬಿಣದ ನಡುಭಾಗದ ತೂಕ ಮಾತ್ರ ಏರುತ್ತಲೇ ಇರುತ್ತದೆ. ಅದು ಸೂರ್ಯನ ತೂಕದ ಸುಮಾರು 1.4 ಪಟ್ಟು ಮುಟ್ಟಿದಾಗ, ಅಂದರೆ ಎಸ್. ಚಂದ್ರಶೇಖರ್ ತಮ್ಮ ಹರೆಯದಲ್ಲಿ ಲೆಕ್ಕಹಾಕಿ ತೋರಿಸಿದ ಮಿತಿಯ ಹತ್ತಿರ ಬಂದಾಗ, ಭೂಮಿಯಷ್ಟು ದೊಡ್ಡದಾಗಿದ್ದ ಆ ಗೋಳ ಒಂದು ಸೆಕೆಂಡಿನೊಳಗೆ ಕುಸಿದುಬೀಳುತ್ತದೆ. ಹೊರಪದರಗಳು ಸಿಡಿದು ಚದುರುತ್ತವೆ. ಇದು ಸೂಪರ್‌ನೋವಾ.

ಬಹಳ ಲೇಖನಗಳು ಇಲ್ಲಿ ಒಂದು ವಿಷಯವನ್ನು ಬಿಟ್ಟುಬಿಡುತ್ತವೆ. ನಕ್ಷತ್ರ ತನ್ನ ನಡುವಿನಲ್ಲಿ ಕೂಡಿಟ್ಟ ಆ ಕಬ್ಬಿಣ ಬಹುಪಾಲು ನಮಗೆ ದಕ್ಕುವುದಿಲ್ಲ. ಅದು ಕುಸಿದು, ನುಗ್ಗಾಗಿ, ನ್ಯೂಟ್ರಾನ್ ನಕ್ಷತ್ರವಾಗಿಯೋ ಕಪ್ಪುರಂಧ್ರವಾಗಿಯೋ ಅಲ್ಲೇ ಉಳಿಯುತ್ತದೆ. ಹೊರಗೆ ಬರುವ ಕಬ್ಬಿಣ ಹೊಸದು. ಸ್ಫೋಟದ ಹೊಡೆತ ಹೊರಗಿನ ಸಿಲಿಕಾನ್, ಆಮ್ಲಜನಕದ ಪದರಗಳನ್ನು ಹಾಯುವಾಗ ಅಲ್ಲಿ ನಿಕ್ಕಲ್-56 ಎಂಬ ಅಸ್ಥಿರ ಧಾತು ಹುಟ್ಟುತ್ತದೆ. ಆರು ದಿನಕ್ಕೆ ಅದರಲ್ಲಿ ಅರ್ಧ ಕೋಬಾಲ್ಟ್-56 ಆಗಿ ಬದಲಾಗುತ್ತದೆ. ಆ ಕೋಬಾಲ್ಟಿನಲ್ಲಿ ಅರ್ಧ 77 ದಿನಕ್ಕೆ ಕಬ್ಬಿಣ-56 ಆಗುತ್ತದೆ. ಸಂಡೂರಿನ ಅದಿರಿನಲ್ಲಿ, ತೋರಣಗಲ್ಲಿನ ಉಕ್ಕಿನಲ್ಲಿ, ನಮ್ಮ ರಕ್ತದಲ್ಲಿ ಇರುವ ಕಬ್ಬಿಣದಲ್ಲಿ ನೂರಕ್ಕೆ ತೊಂಬತ್ತೊಂದಕ್ಕೂ ಮಿಕ್ಕಿ ಈ ಕಬ್ಬಿಣ-56 ಪರಮಾಣುಗಳೇ.

ಇನ್ನೊಂದು ಬಗೆಯ ಸೂಪರ್‌ನೋವಾ ಕಬ್ಬಿಣದ ಮಟ್ಟಿಗೆ ಇನ್ನೂ ಉದಾರಿ. ಸೂರ್ಯನಂಥ ನಕ್ಷತ್ರ ಸತ್ತ ಮೇಲೆ ಉಳಿಯುವ ಗಟ್ಟಿ ಶೇಷಕ್ಕೆ ಶ್ವೇತ ಕುಬ್ಜ ಎಂದು ಹೆಸರು. ಅದಕ್ಕೊಂದು ಜೊತೆಗಾರ ನಕ್ಷತ್ರವಿದ್ದು, ಅದರಿಂದ ಅನಿಲವನ್ನು ಎಳೆದುಕೊಂಡೋ ಇನ್ನೊಂದು ಶ್ವೇತ ಕುಬ್ಜವನ್ನು ಕೂಡಿಯೋ ಮಿತಿಗೆ ಹತ್ತಿರವಾದರೆ, ಅದರ ಇಂಗಾಲವೆಲ್ಲ ಒಮ್ಮೆಲೇ ಹೊತ್ತಿ ಇಡೀ ಗೋಳ ಸಿಡಿದುಹೋಗುತ್ತದೆ. ನ್ಯೂಟ್ರಾನ್ ನಕ್ಷತ್ರವೂ ಉಳಿಯುವುದಿಲ್ಲ. ಅಂಥ ಒಂದೊಂದು ಸ್ಫೋಟವೂ ಸೂರ್ಯನ ತೂಕದ ಅರ್ಧಕ್ಕಿಂತ ಹೆಚ್ಚು ಕಬ್ಬಿಣವನ್ನು ಹೊರಗೆ ಚೆಲ್ಲುತ್ತದೆ. ಅದು ಸುಮಾರು ಎರಡು ಲಕ್ಷ ಭೂಮಿಗಳ ತೂಕ. ನಮ್ಮ ಸುತ್ತಲಿನ ಕಬ್ಬಿಣದಲ್ಲಿ ದೊಡ್ಡ ಪಾಲು ಇಂಥ ಸ್ಫೋಟಗಳ ಕೊಡುಗೆ.

ಇದೆಲ್ಲ ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ. ಕಬ್ಬಿಣ ಹುಟ್ಟುವುದನ್ನು ಮನುಷ್ಯ ಅಳೆದು ನೋಡಿದ್ದಾನೆ. 1987ರ ಫೆಬ್ರವರಿಯಲ್ಲಿ ನಮ್ಮ ನೆರೆಯ ಪುಟ್ಟ ಗ್ಯಾಲಕ್ಸಿಯೊಂದರಲ್ಲಿ ನಕ್ಷತ್ರ ಸಿಡಿದಾಗ, ಅದರ ಬೆಳಕು ತಿಂಗಳುಗಟ್ಟಲೆ ಕುಗ್ಗಿದ್ದು ಕೋಬಾಲ್ಟಿನ ಆ 77 ದಿನದ ಲೆಕ್ಕಕ್ಕೆ ಸರಿಯಾಗಿಯೇ. 2014ರ ಜನವರಿಯಲ್ಲಿ, ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದ ಎಂ82 ಗ್ಯಾಲಕ್ಸಿಯಲ್ಲಿ ಶ್ವೇತ ಕುಬ್ಜವೊಂದು ಸಿಡಿದಾಗ, ಕೋಬಾಲ್ಟ್ ಕಬ್ಬಿಣವಾಗುವ ಗಳಿಗೆಯಲ್ಲಿ ಹೊರಡುವ ಗಾಮಾ ಕಿರಣಗಳನ್ನು ಯೂರೋಪಿನ ಇಂಟೆಗ್ರಲ್ ಉಪಗ್ರಹ ನೇರವಾಗಿ ಹಿಡಿಯಿತು. ಆ ಸ್ಫೋಟವನ್ನು ನೋಡಿದ ದೂರದರ್ಶಕಗಳಲ್ಲಿ ಲಡಾಖಿನ ಹಾನ್ಲೆಯಲ್ಲಿರುವ ಭಾರತದ ಎರಡು ಮೀಟರ್ ದೂರದರ್ಶಕವೂ ಒಂದು. 4,500 ಮೀಟರ್ ಎತ್ತರದಲ್ಲಿರುವ ಅದನ್ನು ಖಗೋಳ ವಿಜ್ಞಾನಿಗಳು ಚಲಾಯಿಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹದ ಸಂಪರ್ಕದ ಮೂಲಕ.

ಇದೇ ಶ್ವೇತ ಕುಬ್ಜಗಳ ಸ್ಫೋಟ ಇನ್ನೊಂದು ಉಪಕಾರವನ್ನೂ ಮಾಡಿದೆ. ಅವುಗಳ ನಿಜವಾದ ಪ್ರಕಾಶ ಎಷ್ಟೆಂದು ಲೆಕ್ಕ ಕಟ್ಟಲು ಬರುವುದರಿಂದ, ಎಷ್ಟು ಮಂಕಾಗಿ ಕಾಣುತ್ತದೆ ಎಂಬುದರ ಮೇಲೆ ದೂರ ಹೇಳಬಹುದು. ಹಾಗೆ ಅಳೆದ ಎರಡು ತಂಡಗಳಿಗೆ 1998ರಲ್ಲಿ ಗೊತ್ತಾದದ್ದು, ವಿಶ್ವದ ಹಿಗ್ಗುವಿಕೆ ನಿಧಾನವಾಗುತ್ತಿಲ್ಲ, ವೇಗ ಏರುತ್ತಿದೆ ಎಂದು. ಅದಕ್ಕೆ ಕಾರಣವಾದದ್ದನ್ನು ಡಾರ್ಕ್ ಎನರ್ಜಿ ಎಂದು ಕರೆದಿದ್ದಾರೆ. ಈಗಿನ ಲೆಕ್ಕದಲ್ಲಿ ವಿಶ್ವದ ಶೇ. 68ರಷ್ಟು ಅದೇ. ಶೇ. 27 ಡಾರ್ಕ್ ಮ್ಯಾಟರ್. ನಕ್ಷತ್ರ, ಗುಡ್ಡ, ಗೂಡ್ಸ್ ಗಾಡಿ, ನಾವು, ನೀವು ಎಲ್ಲ ಸೇರಿ ಉಳಿದ ಶೇ. 5.

ಸಮುದ್ರದ ತಳದಿಂದ ಸಂಡೂರಿಗೆ

ತಲೆಮಾರಿನ ಮೇಲೆ ತಲೆಮಾರು ನಕ್ಷತ್ರಗಳು ಹುಟ್ಟಿ, ಸಿಡಿದು, ಅನಿಲದ ಮೋಡಗಳಿಗೆ ಕಬ್ಬಿಣ ಬೆರೆಸುತ್ತ ಬಂದವು. ವಿಶ್ವಕ್ಕೆ ಸುಮಾರು 920 ಕೋಟಿ ವರ್ಷ ತುಂಬಿದಾಗ, ಅಂದರೆ ಇಂದಿಗೆ 457 ಕೋಟಿ ವರ್ಷ ಹಿಂದೆ, ಅಂಥ ಒಂದು ಮೋಡ ಕುಸಿದು ಸೂರ್ಯನಾಯಿತು. ಆ ಮೋಡದ ತೂಕದಲ್ಲಿ ಕಬ್ಬಿಣ ಸಾವಿರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಸೂರ್ಯನ ಹತ್ತಿರದ ಬಿಸಿಯಲ್ಲಿ ಹಗುರ ಅನಿಲಗಳು ನಿಲ್ಲಲಿಲ್ಲ, ಕಲ್ಲು ಮತ್ತು ಲೋಹ ಮಾತ್ರ ಗಟ್ಟಿಯಾಗಿ ಉಳಿದವು. ಹೀಗಾಗಿ ಭೂಮಿಯ ತೂಕದಲ್ಲಿ ಮೂರರಲ್ಲಿ ಒಂದು ಪಾಲು ಕಬ್ಬಿಣವೇ. ಆದರೆ ಭೂಮಿ ಕರಗಿದ್ದ ಕಾಲದಲ್ಲಿ ಅದರ ಬಹುಪಾಲು ತಳಕ್ಕಿಳಿದು ನಡುಗೋಳ ಸೇರಿತು. ಮೇಲ್ಚಿಪ್ಪಿನಲ್ಲಿ ಉಳಿದದ್ದು ಸರಾಸರಿ ಶೇ. 5.

ಶೇ. 5 ಇರುವ ಕಡೆ ಗಣಿ ತೆಗೆಯಲು ಬರುವುದಿಲ್ಲ. ಸಂಡೂರಿನ ಒಳ್ಳೆಯ ಅದಿರಿನಲ್ಲಿ ಶೇ. 60ಕ್ಕೂ ಮಿಕ್ಕಿ ಕಬ್ಬಿಣ ಇರುತ್ತದೆ. ಚದುರಿದ್ದನ್ನು ಇಷ್ಟು ಒತ್ತಟ್ಟಿಗೆ ಗುಡ್ಡೆ ಹಾಕಿದ್ದು ಯಾರು? ನೀರು ಮತ್ತು ಸೂಕ್ಷ್ಮಜೀವಿಗಳು.

ಸುಮಾರು 270 ಕೋಟಿ ವರ್ಷದ ಹಿಂದೆ ಸಂಡೂರಿನ ಗುಡ್ಡಗಳ ಜಾಗದಲ್ಲಿ ಸಮುದ್ರವಿತ್ತು. ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಆಮ್ಲಜನಕ ಇಲ್ಲದ ನೀರಿನಲ್ಲಿ ಕಬ್ಬಿಣ ಉಪ್ಪಿನ ಹಾಗೆ ಕರಗಿ ನಿಲ್ಲುತ್ತದೆ. ಸಮುದ್ರದ ತಳದ ಜ್ವಾಲಾಮುಖಿಗಳ ಬಿಸಿನೀರಿನ ಊಟೆಗಳು ಅಂಥ ಕಬ್ಬಿಣವನ್ನು ಸತತವಾಗಿ ನೀರಿಗೆ ಸೇರಿಸುತ್ತಿದ್ದವು. ದಡದ ತಿಳಿನೀರಿನಲ್ಲಿ ಬಿಸಿಲು ಹೀರಿ ಬದುಕುವ ಸೂಕ್ಷ್ಮಜೀವಿಗಳು ಇದ್ದವು. ಕೆಲವು ಆಮ್ಲಜನಕವನ್ನು ಹೊರಬಿಡುತ್ತಿದ್ದವು, ಕೆಲವು ಕಬ್ಬಿಣವನ್ನೇ ನೇರವಾಗಿ ಬಳಸುತ್ತಿದ್ದಿರಬಹುದು. ಎರಡು ದಾರಿಯಲ್ಲೂ ಫಲ ಒಂದೇ. ಕರಗಿದ್ದ ಕಬ್ಬಿಣ ತುಕ್ಕಾಗಿ ತಳಕ್ಕೆ ಇಳಿಯಿತು. ಆ ಜೀವಿಗಳ ಗುರುತೂ ಇಲ್ಲೇ ಇದೆ. ಸಂಡೂರು ಶಿಲಾಪಟ್ಟಿಯ ಸುಣ್ಣಕಲ್ಲಿನ ಪದರಗಳಲ್ಲಿ ಅವು ಚಾಪೆಯಂತೆ ಬೆಳೆದು ಕಲ್ಲಾದ ಸ್ಟ್ರೊಮಾಟೊಲೈಟುಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ.

ತುಕ್ಕು ಒಂದು ಪದರ ಕೂತರೆ, ಅದರ ಮೇಲೆ ಸಿಲಿಕಾದ ಒಂದು ಪದರ. ಮತ್ತೆ ತುಕ್ಕು, ಮತ್ತೆ ಸಿಲಿಕಾ. ಹೀಗೇಕೆ ಸರದಿಯಾಗಿ ಬಂತು ಎಂಬ ಬಗ್ಗೆ ತಜ್ಞರಲ್ಲಿ ಇನ್ನೂ ಚರ್ಚೆ ಇದೆ. ಆ ಪಟ್ಟೆಪಟ್ಟೆ ಕಲ್ಲನ್ನು ಗಣಿಯವರು ಬಿಎಚ್‌ಕ್ಯೂ ಎನ್ನುತ್ತಾರೆ. ಅದರಲ್ಲಿ ಕಬ್ಬಿಣ ಸುಮಾರು ಶೇ. 35ರಿಂದ 40. ಮುಂದೆ ಭೂಚಿಪ್ಪುಗಳ ಒತ್ತಡಕ್ಕೆ ಸಮುದ್ರದ ತಳವೇ ಮಡಚಿ, ಮೇಲೆದ್ದು, ಗುಡ್ಡಸಾಲಾಗಿ ನಿಂತಿತು. ಸುತ್ತ ಗ್ರಾನೈಟ್ ಕರಗಿಬಂದು ಗಟ್ಟಿಯಾಯಿತು. ಹಂಪಿಯ ಬಂಡೆಗಳು ಆ ಗ್ರಾನೈಟಿನವು, ವಯಸ್ಸು ಸುಮಾರು 250 ಕೋಟಿ ವರ್ಷ. ಅಂದರೆ ವಿರೂಪಾಕ್ಷ ಗುಡಿಯ ಸುತ್ತಲಿನ ಬಂಡೆಗಳಿಗಿಂತ ಸಂಡೂರಿನ ಕಬ್ಬಿಣದ ಕಲ್ಲು ಹಿರಿದು. ಆಮೇಲೆ ಮಳೆ ಮತ್ತು ಅಂತರ್ಜಲ ಕೋಟ್ಯಂತರ ವರ್ಷ ಪಟ್ಟೆಕಲ್ಲಿನ ಸಿಲಿಕಾವನ್ನು ತೊಳೆದು ತೆಗೆದವು. ಸಿಲಿಕಾ ಹೋದ ಕಡೆ ಉಳಿದದ್ದೇ ದೋಣಿಮಲೈ, ರಾಮನದುರ್ಗ, ಕುಮಾರಸ್ವಾಮಿ ಬೆಟ್ಟದ ಸಾಲುಗಳ ಹೆಮಟೈಟ್ ಅದಿರು. ಬಳ್ಳಾರಿ ಸೀಮೆಯ ಈ ಕಲ್ಲುಗಳನ್ನು ಬಗೆಬಗೆಯಾಗಿ ವಿವರಿಸಿದ ರಾಬರ್ಟ್ ಬ್ರೂಸ್ ಫೂಟ್ ಅವರ ವರದಿ 1895ರಲ್ಲೇ ಅಚ್ಚಾಗಿದೆ.

ಸಮುದ್ರದ ಕಬ್ಬಿಣ ತುಕ್ಕಾಗುತ್ತಿದ್ದಷ್ಟು ಕಾಲ ಆಮ್ಲಜನಕ ಅದರಲ್ಲೇ ಖರ್ಚಾಗುತ್ತಿತ್ತು. ಆ ಖರ್ಚು ತಗ್ಗಿ, ಸುಮಾರು 240 ಕೋಟಿ ವರ್ಷದ ಹಿಂದಿನಿಂದ ಅದು ಗಾಳಿಯಲ್ಲಿ ನಿಲ್ಲತೊಡಗಿತು. ನಾವು ಉಸಿರಾಡುವ ಗಾಳಿಯೂ ಈ ಅದಿರೂ ಒಂದೇ ಕೆಲಸದ ಎರಡು ಫಲ. ತೋರಣಗಲ್ಲಿನ ಬ್ಲಾಸ್ಟ್ ಫರ್ನೇಸಿನಲ್ಲಿ ಈಗ ನಡೆಯುತ್ತಿರುವುದು ಆ ಕೆಲಸದ ತಿರುಗುಮುರುಗು. ಹೆಮಟೈಟಿನ ತೂಕದಲ್ಲಿ ಶೇ. 70 ಕಬ್ಬಿಣ, ಶೇ. 30 ಆಮ್ಲಜನಕ. ಆ ಜೀವಿಗಳ ಕಾಲದಲ್ಲಿ ಕೂಡಿಕೊಂಡ ಆ ಆಮ್ಲಜನಕವನ್ನು ಕೋಕ್ ಕಲ್ಲಿದ್ದಲು ಕಿತ್ತುಕೊಂಡು ಇಂಗಾಲದ ಡೈಆಕ್ಸೈಡ್ ಆಗಿ ಹೊರಗೆ ಹೋಗುತ್ತದೆ, ಕಬ್ಬಿಣ ಉಳಿಯುತ್ತದೆ.

ಕೈಯಲ್ಲಿ ಹಿಡಿದು ನೋಡುವುದಾದರೆ

ಈ ಭಾಗದ ಶಾಲೆಗಳ ಮೇಷ್ಟ್ರುಗಳು ಇದನ್ನು ಮಕ್ಕಳಿಗೆ ಖರ್ಚಿಲ್ಲದೆ ತೋರಿಸಬಹುದು. ರಸ್ತೆ ಬದಿಯ ಕೆಂಗಪ್ಪು ಕಲ್ಲೊಂದನ್ನು ಎತ್ತಿ, ಹೊಳಪಿಲ್ಲದ ಬಿಳಿ ಟೈಲಿನ ಹಿಂಬದಿಗೆ ಉಜ್ಜಿ. ಕಲ್ಲು ಕಪ್ಪಗೆ ಕಂಡರೂ ಗೀಟು ಕೆಂಪಾಗಿ ಬಂದರೆ ಅದು ಹೆಮಟೈಟ್. ಗೀಟು ಕಪ್ಪಾಗಿ ಬಂದು, ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟಿದರೆ ಮ್ಯಾಗ್ನಟೈಟ್. ಪಟ್ಟೆಕಲ್ಲು ಸಿಕ್ಕರೆ ಕೆಂಪು–ಕಪ್ಪು ಪಟ್ಟೆ ಕಬ್ಬಿಣದ್ದು, ಬಿಳಿ–ಬೂದು ಪಟ್ಟೆ ಸಿಲಿಕಾದ್ದು. ಜನವರಿ–ಫೆಬ್ರವರಿಯ ಇರುಳು ಎಂಟು ಗಂಟೆಯ ಸುಮಾರಿಗೆ ಅದೇ ಮಕ್ಕಳಿಗೆ ಪೂರ್ವ–ಆಗ್ನೇಯದ ಕಡೆ ಕೆಂಪಗೆ ಹೊಳೆಯುವ ಆರಿದ್ರಾ ನಕ್ಷತ್ರವನ್ನೂ ತೋರಿಸಿ. ನಮ್ಮ ರೈತರು ಮಳೆಗೆ ಹೆಸರಿಟ್ಟಿರುವುದು ಇದರದೇ. ವಯಸ್ಸು ಸುಮಾರು ಒಂದು ಕೋಟಿ ವರ್ಷ, ಆದರೆ ಆಗಲೇ ಮುದಿ ನಕ್ಷತ್ರ. ಒಂದು ಲಕ್ಷ ವರ್ಷದ ಆಸುಪಾಸಿನಲ್ಲಿ ಅದು ಸಿಡಿಯುತ್ತದೆ, ಒಂದಿಷ್ಟು ಹೊಸ ಕಬ್ಬಿಣವನ್ನು ಆಕಾಶಕ್ಕೆ ಸೇರಿಸುತ್ತದೆ ಎಂಬುದು ವಿಜ್ಞಾನಿಗಳ ಎಣಿಕೆ.

ಸಂಡೂರಿನಲ್ಲಿ ಮಾತ್ರ ಹೊಸ ಅದಿರು ಸೇರುವುದಿಲ್ಲ. ಗಾಳಿಯಲ್ಲಿ ಆಮ್ಲಜನಕ ಇರುವ ತನಕ ಸಮುದ್ರದಲ್ಲಿ ಕಬ್ಬಿಣ ಅಷ್ಟು ಪ್ರಮಾಣದಲ್ಲಿ ಕರಗಿ ನಿಲ್ಲಲಾರದು. ಹಾಗಾಗಿ ಇಂಥ ಪಟ್ಟೆಕಲ್ಲು ಮತ್ತೆ ಆಗುವುದಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿ, ಆಮೇಲೆ ಮಿತಿ ಹಾಕಿ ಬಿಟ್ಟಿತು. ಆ ಮಿತಿ ಅದಿರಿನ ಟನ್ನಿನ ಲೆಕ್ಕದ್ದು. ಒಂದು ಕಾಲದಲ್ಲಿ ಬೇಡವೆಂದು ಬಿಡುತ್ತಿದ್ದ ಕಡಿಮೆ ದರ್ಜೆಯ ಕಲ್ಲನ್ನೂ ಅರೆದು, ತೊಳೆದು ಬಳಸುವ ತಂತ್ರಗಳು ಈಗ ಬಂದಿವೆ. ಪಟ್ಟೆಕಲ್ಲಿಗೂ ಸರದಿ ಬರುತ್ತಿದೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಕರ್ನಾಟಕದಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಗುರುತಿಸಿದ ಜಾಗಗಳಲ್ಲಿ ಲಾಲ್‌ಬಾಗ್ ಬಂಡೆ ಇದೆ, ಚಿತ್ರದುರ್ಗದ ಮರಡಿಹಳ್ಳಿಯ ದಿಂಬುಗಲ್ಲು ಇದೆ, ಮಲ್ಪೆಯ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲು ಇದೆ, ಕೋಲಾರದ ಜ್ವಾಲಾಮುಖಿ ಶಿಲೆ ಇದೆ. ಸಂಡೂರಿನ ಕಬ್ಬಿಣದ ಪಟ್ಟೆಕಲ್ಲು ಇಲ್ಲ. ನಾರಿಹಳ್ಳ ಗುಡ್ಡಸಾಲನ್ನು ಸೀಳಿಕೊಂಡು ಹೊರಬರುವ ಗಂಡಿಗಳ ಬಳಿ, ಪಟ್ಟೆ ಚೆನ್ನಾಗಿ ಕಾಣುವ ಒಂದು ಬಂಡೆಗೋಡೆಯನ್ನು ಗುರುತಿಸಿ, ಸುತ್ತ ಬೇಲಿ ಹಾಕಿ, ಅದರ ವಯಸ್ಸನ್ನೂ ಅದು ಆದ ಬಗೆಯನ್ನೂ ಕನ್ನಡದಲ್ಲಿ ಬರೆದ ಫಲಕ ನಿಲ್ಲಿಸಲು ಹೆಚ್ಚು ಹಣ ಬೇಕಿಲ್ಲ. ಬಳ್ಳಾರಿ, ವಿಜಯನಗರ ಎರಡೂ ಜಿಲ್ಲಾಡಳಿತಗಳು, ಗಣಿ ಮತ್ತು ಭೂವಿಜ್ಞಾನ ಇಲಾಖೆ ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು. ಅದಕ್ಕಾಗಿ ಇಲ್ಲಿನ ಗ್ರಾಮ ಪಂಚಾಯಿತಿಗಳೂ ಶಾಲೆಗಳೂ ಅರ್ಜಿ ಕೊಟ್ಟು ಕೇಳಬೇಕು.